ಅದೇ ಹಡಗು

ಎಸ್.ಎಸ್. ಗ್ರೇಟ್ ಬ್ರಿಟನ್ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ವಸ್ತುಸಂಗ್ರಹಾಲಯವಾಗಿ ಉಳಿದಿರುವ ಪ್ರಯಾಣಿಕರ ಉಗಿಹಡಗು. ಇಸಾಂಬಾರ್ಡ್ ಕಿಂಗ್‌ಡಮ್ ಬ್ರುನೆಲ್ ಎಂಬ ಎಂಜಿನಿಯರ್ ರೂಪಿಸಿದ ಈ ಹಡಗು 1843ರ ಜುಲೈ 19ರಂದು ನೀರಿಗಿಳಿಯಿತು. ಒಡಲು ಪೂರ್ತಿ ಕಬ್ಬಿಣದ್ದು; ಅದನ್ನು ಮುಂದಕ್ಕೆ ನೂಕುತ್ತಿದ್ದುದು ಪಕ್ಕದ ಚಕ್ರಗಳಲ್ಲ, ಹಿಂಬದಿಯ ಪ್ರೊಪೆಲರ್. ಇವೆರಡೂ ಕೂಡಿದ ಸಾಗರಯಾನದ ದೊಡ್ಡ ಹಡಗು ಅದಕ್ಕೆ ಮೊದಲು ಇರಲಿಲ್ಲ. 98 ಮೀಟರ್ ಉದ್ದದ ಅದು ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ದೊಡ್ಡದು. ಇಂದು ನೋಡಲು ಬಂದವರಿಗೆ ಆರು ಕೂವೆಕಂಬಗಳು, ಒಂದು ಹೊಗೆಕೊಳವೆ, ಹೊಸ ಬಣ್ಣ ಬಳಿದ ಒಡಲು ಕಾಣುತ್ತವೆ. ಒಡಲು ಹಳೆಯದು. ಕೂವೆಕಂಬಗಳು ಹೊಸವು, ಎಂಜಿನ್ ಪ್ರತಿಕೃತಿ, ಪ್ರೊಪೆಲರೂ ಪ್ರತಿಕೃತಿ, ಊಟದ ಸಭಾಂಗಣ ಮರುನಿರ್ಮಾಣ. ಹೀಗಿದ್ದೂ ಇದು ಬ್ರುನೆಲ್ ಕಟ್ಟಿದ ಅದೇ ಹಡಗು ಎನ್ನಲು ಆಧಾರವೇನು ಎಂಬುದು ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆ. ಸಂರಕ್ಷಕರಿಗಂತೂ ಅದು ದಿನನಿತ್ಯದ ಕೆಲಸದ ಪ್ರಶ್ನೆ. ಯಾವ ತಗಡನ್ನು ಬದಲಿಸಬೇಕು, ಯಾವುದನ್ನು ತುಕ್ಕಿನ ಸಮೇತ ಬಿಡಬೇಕು ಎಂದು ನಿರ್ಧರಿಸುವಾಗಲೆಲ್ಲ ಅವರು ತಿಳಿದೋ ತಿಳಿಯದೆಯೋ ಅದಕ್ಕೊಂದು ಉತ್ತರ ಕೊಡುತ್ತಿರುತ್ತಾರೆ.

ಈ ಹಡಗು ಒಂದೇ ರೂಪದಲ್ಲಿ ಬಾಳಿದ್ದಲ್ಲ. 1845ರಲ್ಲಿ ಲಿವರ್‌ಪೂಲಿನಿಂದ ನ್ಯೂಯಾರ್ಕಿಗೆ ಮೊದಲ ಸಲ ಹೊರಟಾಗ ಅದು ಸಾಗರಯಾನದ ಬೆರಗು. ಮರುವರ್ಷವೇ ಐರ್ಲೆಂಡಿನ ಡಂಡ್ರಮ್ ಕೊಲ್ಲಿಯಲ್ಲಿ ದಡ ಹತ್ತಿ ತಿಂಗಳುಗಟ್ಟಲೆ ಅಲ್ಲೇ ಸಿಕ್ಕಿಕೊಂಡಿತು. ಮೇಲೆತ್ತುವಷ್ಟರಲ್ಲಿ ಮಾಲೀಕ ಕಂಪನಿಯೇ ಕುಸಿದಿತ್ತು. ಕೊಂಡುಕೊಂಡವರು ಬ್ರುನೆಲ್‌ನ ಎಂಜಿನ್ ಕಿತ್ತುಹಾಕಿ ಬೇರೆಯದನ್ನು ಕೂಡಿಸಿ, 1852ರಿಂದ ಆಸ್ಟ್ರೇಲಿಯಾಕ್ಕೆ ವಲಸಿಗರನ್ನು ಸಾಗಿಸತೊಡಗಿದರು. ಕೂವೆಕಂಬಗಳು ಆರಿದ್ದವು ಐದಾಗಿ, ನಾಲ್ಕಾಗಿ, ಕೊನೆಗೆ ಮೂರಕ್ಕೆ ಇಳಿದವು. ಕ್ರಿಮಿಯಾ ಯುದ್ಧದ ಕಾಲದಲ್ಲಿ ಅದು ಸೈನಿಕರನ್ನು ಹೊತ್ತಿತು. 1857ರಲ್ಲಿ ಭಾರತದ ಬಂಡಾಯ ಹತ್ತಿಕ್ಕಲು ಹೊರಟ ಅಶ್ವದಳದವರನ್ನು ಐರ್ಲೆಂಡಿನ ಕಾರ್ಕ್ ಬಂದರಿನಿಂದ ಮುಂಬಯಿಗೆ ತಂದಿತು. 1861ರಲ್ಲಿ ಆಸ್ಟ್ರೇಲಿಯಾ ಪ್ರವಾಸ ಕೈಗೊಂಡ ಮೊದಲ ಇಂಗ್ಲಿಷ್ ಕ್ರಿಕೆಟ್ ತಂಡವೂ ಇದರಲ್ಲೇ ಹೋಯಿತು. 1882ರಲ್ಲಿ ಎಂಜಿನ್ ಪೂರ್ತಿ ತೆಗೆದು ಹಾಯಿಯ ಸರಕುಹಡಗು ಮಾಡಿದರು. 1886ರಲ್ಲಿ ಕೇಪ್ ಹಾರ್ನ್ ಬಳಿಯ ಬಿರುಗಾಳಿಗೆ ಸಿಕ್ಕು ಫಾಕ್‌ಲ್ಯಾಂಡ್ ದ್ವೀಪ ಸೇರಿದ ಮೇಲೆ ಮತ್ತೆ ಹೊರಡಲಿಲ್ಲ. ಉಣ್ಣೆ, ಕಲ್ಲಿದ್ದಲು ತುಂಬಿಡುವ ತೇಲುವ ಉಗ್ರಾಣವಾಗಿ ಐದು ದಶಕ ಸವೆಸಿತು. ಅದಕ್ಕೂ ಬೇಡವಾದಾಗ, 1937ರಲ್ಲಿ, ಸ್ಪ್ಯಾರೋ ಕೋವ್ ಎಂಬ ಕಿರುಕೊಲ್ಲಿಗೆ ಎಳೆದೊಯ್ದು ಒಡಲಿಗೆ ತೂತು ಹೊಡೆದು ಕೂರಿಸಿಬಿಟ್ಟರು.

ಮೂರು ದಶಕಗಳ ನಂತರ, 1967ರಲ್ಲಿ, ಯೂವನ್ ಕಾರ್ಲೆಟ್ ಎಂಬ ಹಡಗುಶಿಲ್ಪಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಗೆ ಬರೆದ ಕಾಗದದಿಂದ ಅದನ್ನು ಉಳಿಸುವ ಪ್ರಯತ್ನ ಶುರುವಾಯಿತು. ಉದ್ಯಮಿ ಜ್ಯಾಕ್ ಹೇವರ್ಡ್ ಹಣ ಕೊಟ್ಟರು. ಬಲಮಗ್ಗುಲಲ್ಲಿ ಮೇಲಿನಿಂದ ಕೆಳಗೆ ಸೀಳಿದ ದೊಡ್ಡ ಬಿರುಕಿತ್ತು. ದ್ವೀಪದವರಿಂದ ಬೇಡಿ ತಂದ ಹಳೆಯ ಹಾಸಿಗೆಗಳನ್ನು ಅದಕ್ಕೆ ತುರುಕಿ ನೀರು ತಡೆದರು. ಮೂರು ಕೂವೆಕಂಬಗಳನ್ನು ಇಳಿಸಿದರು. ಅವುಗಳಲ್ಲೊಂದು ಈಗಲೂ ಫಾಕ್‌ಲ್ಯಾಂಡಿನ ಸ್ಟ್ಯಾನ್ಲಿ ಪಟ್ಟಣದ ದಡದಲ್ಲಿದೆ. ಹಡಗನ್ನು ಪಾಂಟೂನ್ ಎಂಬ ತೇಲುವೇದಿಕೆಯ ಮೇಲೆ ಕೂರಿಸಿ ಸುಮಾರು 8,000 ಮೈಲಿ ಎಳೆದು ತಂದರು. 1970ರ ಜುಲೈ 19ರಂದು, ನೀರಿಗಿಳಿದು ಸರಿಯಾಗಿ 127 ವರ್ಷಕ್ಕೆ, ತಾನು ಹುಟ್ಟಿದ ಡಾಕನ್ನೇ ಅದು ಮತ್ತೆ ಹೊಕ್ಕಿತು. ಬ್ರಿಸ್ಟಲ್ ಸೇರಿದ್ದು ಎಂಜಿನ್, ಕೂವೆ, ಕೋಣೆ ಯಾವುದೂ ಇಲ್ಲದ ಒಂದು ಕಬ್ಬಿಣದ ಚಿಪ್ಪು.

ಇಂಥ ವಸ್ತುವಿನ ಬಗ್ಗೆ ಪಶ್ಚಿಮದಲ್ಲಿ ಹೆಸರಾದ ಒಗಟು ಗ್ರೀಕ್ ಪುರಾಣದ ವೀರ ಥೀಸಿಯಸ್‌ನ ಹಡಗಿನದು. ಕ್ರೀಟಿನಿಂದ ಥೀಸಿಯಸ್ ಮರಳಿದ ಮೂವತ್ತು ಹುಟ್ಟಿನ ನಾವೆಯನ್ನು ಅಥೆನ್ಸಿನವರು ಕಾಪಾಡಿದರು, ಕೊಳೆತ ಹಲಗೆ ತೆಗೆದು ಹೊಸ ಹಲಗೆ ಹಾಕುತ್ತ ಹೋದರು, ಅದು ಅದೇ ನಾವೆಯೋ ಅಲ್ಲವೋ ಎಂದು ತಾರ್ಕಿಕರು ಎರಡು ಪಕ್ಷವಾದರು ಎಂದು ಪ್ಲುಟಾರ್ಕ್ ಬರೆದಿದ್ದಾನೆ. 1655ರಲ್ಲಿ ಥಾಮಸ್ ಹಾಬ್ಸ್ ಇದಕ್ಕೆ ಇನ್ನೊಂದು ಗಂಟು ಹಾಕಿದ. ತೆಗೆದ ಹಲಗೆಗಳನ್ನೆಲ್ಲ ಯಾರೋ ಕೂಡಿಟ್ಟು ಮೊದಲಿನ ಕ್ರಮದಲ್ಲೇ ಜೋಡಿಸಿದರೆ ಎರಡರಲ್ಲಿ ಯಾವುದು ಥೀಸಿಯಸ್‌ನ ಹಡಗು ಎಂದು ಕೇಳಿದ. ಒಗಟನ್ನು ಬಿಡಿಸುವ ಭರದಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಸಂಗತಿಯೊಂದಿದೆ. ಅಥೆನ್ಸಿನವರಿಗೆ ಆ ನಾವೆ ಪ್ರದರ್ಶನದ ವಸ್ತುವಾಗಿರಲಿಲ್ಲ. ಅಪೊಲೊ ದೇವತೆಗೆ ಹೊತ್ತ ಹರಕೆಯಂತೆ ಪ್ರತಿ ವರ್ಷ ಅದು ಯಾತ್ರಿಕರನ್ನು ಡೀಲೋಸ್ ದ್ವೀಪಕ್ಕೆ ಒಯ್ಯುತ್ತಿತ್ತು. ಅದು ಹೋಗಿ ಬರುವ ತನಕ ನಗರ ಮಡಿಯಲ್ಲಿರಬೇಕು, ಮರಣದಂಡನೆ ಜಾರಿಯಾಗಕೂಡದು. ಸಾಕ್ರಟೀಸನು ತೀರ್ಪಿನ ನಂತರವೂ ಸೆರೆಮನೆಯಲ್ಲಿ ದಿನಗಟ್ಟಲೆ ಬದುಕಿದ್ದದ್ದು ಈ ಕಾರಣಕ್ಕೆ ಎಂದು ಪ್ಲೇಟೋನ ‘ಫೀಡೋ’ ಹೇಳುತ್ತದೆ. ಹಲಗೆ ಯಾವುದಿದ್ದರೂ ಹರಕೆ ಸಲ್ಲುತ್ತಿತ್ತು. ಒಗಟು ಹುಟ್ಟಿದ್ದು ಹಡಗನ್ನು ದಡದಲ್ಲಿ ನಿಂತು ನೋಡಿದವರಿಗೆ. ಏರಿ ಹೋದವರಿಗೆ ಅದರ ಗೊಡವೆ ಇದ್ದಿರಲಾರದು.

ಭಾರತೀಯ ದರ್ಶನಗಳು ಇದೇ ಸಮಸ್ಯೆಯನ್ನು ಬೇರೆ ಉದಾಹರಣೆಗಳ ಮೂಲಕ, ಇನ್ನೂ ಹೆಚ್ಚು ಪಟ್ಟು ಹಿಡಿದು ಚರ್ಚಿಸಿವೆ. ಪಾಲಿ ಭಾಷೆಯ ‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನನು ಗ್ರೀಕ್ ಅರಸ ಮಿಲಿಂದನನ್ನು, ನೀನು ಏರಿ ಬಂದ ರಥ ಯಾವುದು ಎಂದು ಕೇಳುತ್ತಾನೆ. ಗಾಲಿಯೇ ರಥವೋ, ಅಚ್ಚೋ, ನೊಗವೋ? ಒಂದೂ ಅಲ್ಲ. ಇವೆಲ್ಲ ಒಂದು ರೀತಿಯಲ್ಲಿ ಕೂಡಿದಾಗ ಇಟ್ಟ ವ್ಯವಹಾರದ ಹೆಸರೇ ರಥ. ಹಾಗಾದರೆ ನಿನ್ನೆಯದೂ ಇಂದಿನದೂ ಒಂದೇ ಹೇಗೆ ಎಂಬುದಕ್ಕೆ ಅದೇ ಗ್ರಂಥ ದೀಪದ ಉದಾಹರಣೆ ಕೊಡುತ್ತದೆ. ಇರುಳಿನ ಮೊದಲ ಜಾವದ ಜ್ವಾಲೆ ಕೊನೆಯ ಜಾವದ್ದಲ್ಲ, ಬೇರೆಯದೂ ಅಲ್ಲ. ಒಂದರಿಂದ ಒಂದು ಹೊತ್ತಿಕೊಳ್ಳುತ್ತ ಬಂದ ಸಂತಾನ, ಅಂದರೆ ಕಡಿಯದ ಸರಣಿ, ಅದು. ಈ ಲೆಕ್ಕದಲ್ಲಿ ಹಾಬ್ಸ್‌ನ ಎರಡನೆಯ ಹಡಗು ಸೋಲುತ್ತದೆ. ಹಲಗೆಗಳು ನಿಜವಾದವೇ ಆದರೂ ಅವು ರಾಶಿಯಾಗಿ ಬಿದ್ದಿದ್ದ ಕಾಲದಲ್ಲಿ ಹಡಗಿನ ಸಂತಾನ ಕಡಿದುಹೋಗಿತ್ತು. ಗ್ರೇಟ್ ಬ್ರಿಟನ್ ಗೆಲ್ಲುತ್ತದೆ. ಉಗ್ರಾಣವಾಗಿ ನಿಂತಾಗಲೂ ಕಿರುಕೊಲ್ಲಿಯಲ್ಲಿ ಕೂತಾಗಲೂ ಅದರ ಒಡಲಿನ ಸರಣಿ ಒಂದು ದಿನವೂ ತಪ್ಪಿದ್ದಿಲ್ಲ.

ನ್ಯಾಯ-ವೈಶೇಷಿಕರು ಇಷ್ಟು ಸಡಿಲವಾಗಿ ಬಿಡುವವರಲ್ಲ. ಅವರ ಪ್ರಕಾರ ಬಿಡಿ ಭಾಗಗಳಿಗಿಂತ ಬೇರೆಯಾದ ‘ಅವಯವಿ’ ಎಂಬ ಇಡೀ ವಸ್ತು ನಿಜವಾಗಿಯೂ ಇದೆ. ಅದು ಸಮವಾಯ ಎಂಬ ಬಿಡಿಸಲಾಗದ ಸಂಬಂಧದಿಂದ ಭಾಗಗಳಲ್ಲಿ ನೆಲೆಸಿದೆ. ಇದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಬಟ್ಟೆಯಿಂದ ಒಂದು ನೂಲು ಕಿತ್ತರೂ ಹಳೆಯ ಬಟ್ಟೆ ನಾಶವಾಗಿ ‘ಖಂಡಪಟ’ ಎಂಬ ಹೊಸ ಬಟ್ಟೆ ಹುಟ್ಟುತ್ತದೆ ಎಂದು ಅವರು ಒಪ್ಪಬೇಕಾಯಿತು. ಇದು ಅದೇ ಬಟ್ಟೆ ಎಂಬ ಪ್ರತ್ಯಭಿಜ್ಞೆಗೆ ಆಗ ಸಾದೃಶ್ಯವೊಂದೇ ಆಸರೆ. ಹಡಗಿಗೆ ಇದನ್ನು ಅನ್ವಯಿಸಿದರೆ ಒಂದು ರಿವೆಟ್ ಉದುರಿದಾಗಲೆಲ್ಲ ಒಂದು ಹಡಗು ಸತ್ತು ಇನ್ನೊಂದು ಹುಟ್ಟುತ್ತದೆ. ಬ್ರಿಸ್ಟಲಿನಲ್ಲಿರುವುದು ಎಷ್ಟನೆಯ ಹಡಗೋ ಎಣಿಸಿ ಪೂರೈಸದು. ತರ್ಕ ಬಿಗಿಯಾಗಿದೆ, ಆದರೆ ಸಂರಕ್ಷಕನಿಗೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಉದುರಿದ ರಿವೆಟ್ಟಿಗೂ ಕಳಚಿಹೋದ ಎಂಜಿನ್ನಿಗೂ ಇರುವ ಅಂತರವನ್ನು ಅದು ಗುರುತಿಸುವುದಿಲ್ಲ.

ಜೈನ ದರ್ಶನದ ಉತ್ತರ ಈ ವಿಷಯಕ್ಕೆ ಹೆಚ್ಚು ಹೊಂದುತ್ತದೆ. ಹುಟ್ಟುವುದು, ಅಳಿಯುವುದು, ನೆಲೆಗೊಂಡಿರುವುದು ಮೂರೂ ಒಟ್ಟಿಗೇ ಇರುವುದು ‘ಸತ್’ನ, ಅಂದರೆ ಇರುವ ವಸ್ತುವಿನ, ಲಕ್ಷಣ ಎಂದು ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ ಹೇಳುತ್ತದೆ. ದ್ರವ್ಯದ ದೃಷ್ಟಿಯಿಂದ ವಸ್ತು ಉಳಿಯುತ್ತದೆ, ಪರ್ಯಾಯದ, ಅಂದರೆ ಅವಸ್ಥೆಯ ದೃಷ್ಟಿಯಿಂದ ಬದಲಾಗುತ್ತದೆ. ಯಾವ ‘ನಯ’ದಿಂದ, ಅಂದರೆ ದೃಷ್ಟಿಯಿಂದ, ಮಾತಾಡುತ್ತಿದ್ದೇವೆ ಎಂದು ಮೊದಲು ಹೇಳಿದರೆ ‘ಅದೇ’, ‘ಅದಲ್ಲ’ ಎರಡೂ ಸರಿ. ಇದನ್ನು ಜಾಣತನದ ರಾಜಿ ಎಂದು ತಳ್ಳಿಹಾಕುವುದು ಸುಲಭ. ಆದರೆ ವಸ್ತುಸಂಗ್ರಹಾಲಯದಲ್ಲಿ ನಡೆಯುವ ಮೋಸಗಳೆಲ್ಲ ನಯವನ್ನು ಹೇಳದೆ ಬಿಡುವುದರಿಂದಲೇ ಹುಟ್ಟುತ್ತವೆ. ಹೊಸ ಕೂವೆಕಂಬ ಸುಳ್ಳಲ್ಲ. ಅದು ಹಳೆಯದು ಎಂದು ನೋಡುಗ ನಂಬಿ ಹೋಗಲೆಂದು ಸುಮ್ಮನಿರುವುದು ಸುಳ್ಳು. ಜಾನ್ ರಸ್ಕಿನ್ 1849ರ ‘ದಿ ಸೆವೆನ್ ಲ್ಯಾಂಪ್ಸ್ ಆಫ್ ಆರ್ಕಿಟೆಕ್ಚರ್’ನಲ್ಲಿ ಹಳೆಯ ಕಟ್ಟಡಗಳ ಪುನರುದ್ಧಾರವನ್ನೇ ಸುಳ್ಳು ಎಂದು ಹಳಿದಾಗ ಅವನ ಕಣ್ಣಮುಂದಿದ್ದುದು ಈ ಬಗೆಯ ಮೌನ. ಆಗ ಗ್ರೇಟ್ ಬ್ರಿಟನ್‌ಗೆ ಇನ್ನೂ ಆರು ವರ್ಷ.

ಬ್ರಿಸ್ಟಲಿನಲ್ಲಿ ಈ ಪ್ರಶ್ನೆ ರಸಾಯನಶಾಸ್ತ್ರದ ರೂಪದಲ್ಲಿ ಎದುರಾಯಿತು. ಡಾಕಿಗೆ ತಂದ ಮೇಲೂ ಒಡಲನ್ನು ತುಕ್ಕು ತಿನ್ನುತ್ತಲೇ ಇತ್ತು. ಶತಮಾನಕ್ಕೂ ಮಿಕ್ಕಿ ಕಡಲಲ್ಲಿದ್ದ ಕಬ್ಬಿಣದೊಳಗೆ ಉಪ್ಪಿನ ಕ್ಲೋರೈಡ್ ಇಳಿದಿತ್ತು. ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಆ ತೇವದಲ್ಲಿ ಕಬ್ಬಿಣ ಕರಗುತ್ತದೆ. ಮೇಲೆ ಬಣ್ಣ ಬಳಿದರೆ ಅದರಡಿಯಲ್ಲಿ ಕರಗುತ್ತದೆ, ಅಷ್ಟೇ. 1998ರ ಪರಿಶೀಲನೆಯಲ್ಲಿ, ಹೀಗೇ ಬಿಟ್ಟರೆ ಒಡಲು ಇನ್ನು 25 ವರ್ಷ ಬಾಳೀತು ಎಂದು ಅಂದಾಜಾಯಿತು. ಕೊಳೆತ ತಗಡುಗಳನ್ನು ಕತ್ತರಿಸಿ ಹೊಸ ಉಕ್ಕು ಬೆಸೆಯುವುದು ಒಂದು ದಾರಿ, ಅಂದರೆ ಅಥೆನ್ಸಿನ ದಾರಿ. ಅದನ್ನು ಬಿಟ್ಟು, ತಗಡನ್ನು ಹಾಗೇ ಇಟ್ಟು ಅದರ ಸುತ್ತಣ ಗಾಳಿಯನ್ನು ಬದಲಿಸಲು ತೀರ್ಮಾನಿಸಿದರು. 2005ರಲ್ಲಿ ಹಡಗಿನ ನೀರ್ಮಟ್ಟದ ಎತ್ತರದಲ್ಲಿ ಡಾಕಿನ ಅಂಚಿನವರೆಗೆ ಗಾಜಿನ ಹಾಸು ಹೊದಿಸಿ ಅದರ ಮೇಲೆ ತೆಳುವಾಗಿ ನೀರು ನಿಲ್ಲಿಸಿದರು. ಮೇಲಿನಿಂದ ನೋಡಿದರೆ ಹಡಗು ತೇಲುತ್ತಿದೆ. ಗಾಜಿನ ಕೆಳಗೆ ಯಂತ್ರಗಳು ಗಾಳಿಯ ತೇವ ಹೀರಿ ಸಾಪೇಕ್ಷ ಆರ್ದ್ರತೆಯನ್ನು ಸುಮಾರು 20%ಕ್ಕೆ, ಹೆಚ್ಚುಕಡಿಮೆ ಮರುಭೂಮಿಯ ಮಟ್ಟಕ್ಕೆ, ಇಳಿಸಿ ಇಡುತ್ತವೆ. ಮೆಟ್ಟಿಲಿಳಿದು ಡಾಕಿನ ತಳಕ್ಕೆ ಹೋದವರಿಗೆ ಪದರ ಪದರವಾಗಿ ಎದ್ದ ತಗಡು, ತೂತುಗಳು, ತೇಪೆಗಳು, ಹಾಸಿಗೆ ತುರುಕಿದ್ದ ಆ ಬಿರುಕು ಕೈಗೆಟಕುವಷ್ಟು ಹತ್ತಿರದಲ್ಲಿ ಕಾಣುತ್ತವೆ. ಮೇಲೆ 1845ರ ಹಡಗು, ಕೆಳಗೆ ಅದರ ಮೇಲೆ ಹಾದುಹೋದ ಅಷ್ಟೂ ಕಾಲ. ಎರಡು ನಯಗಳನ್ನು ಒಂದು ಗಾಜು ಬೇರ್ಪಡಿಸಿದೆ ಎನ್ನಬಹುದು. ಹಡಗು ಸಂರಕ್ಷಣೆಯಲ್ಲಿ ಇಷ್ಟು ಪ್ರಾಮಾಣಿಕವಾದ ಏರ್ಪಾಡು ಅಪರೂಪ.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ಕಲ್ಲಿನಲ್ಲಿ ಕೆತ್ತಿದ ಕಣ್ಣು ಹೆಸರಿಗೆ ಮಾತ್ರ ಕಣ್ಣು, ಏಕೆಂದರೆ ಅದು ಕಾಣದು ಎಂದು ಅರಿಸ್ಟಾಟಲ್ ಹೇಳಿದ್ದ. ಬೌದ್ಧ ಆಚಾರ್ಯ ಧರ್ಮಕೀರ್ತಿಗೆ ಅರ್ಥಕ್ರಿಯೆ, ಅಂದರೆ ಕಾರ್ಯ ಸಾಧಿಸುವ ಸಾಮರ್ಥ್ಯವೇ ಇರುವಿಕೆಯ ಗುರುತು. ನೀರನ್ನೇ ಮುಟ್ಟಬಾರದ, ಮುಟ್ಟಿದರೆ ಅಳಿಯುವ ವಸ್ತುವನ್ನು ಹಡಗು ಎನ್ನುವುದು ಹೇಗೆ? ಅದರೊಳಗಿನ ಎಂಜಿನ್ ಪ್ರತಿಕೃತಿ ತಿರುಗುತ್ತದೆ ನಿಜ, ಆದರೆ ತಿರುಗಿಸುವುದು ವಿದ್ಯುತ್ತು, ಉಗಿಯಲ್ಲ. ಯಾವ ಪ್ರೊಪೆಲರನ್ನೂ ಅದು ತಿರುಗಿಸುವುದಿಲ್ಲ. ಇದಕ್ಕೆ ಎದುರಾದ ಮಾದರಿ ಸ್ಕಾಟ್ಲೆಂಡಿನ ಪ್ಯಾಡಲ್ ಸ್ಟೀಮರ್ ವೇವರ್ಲಿ. 1947ರಲ್ಲಿ ಸೇವೆಗಿಳಿದ ಅದನ್ನು 1974ರಲ್ಲಿ ಒಂದು ಪೌಂಡ್ ನಾಮಮಾತ್ರ ಬೆಲೆಗೆ ಸಂರಕ್ಷಣಾ ಸಂಘವೊಂದು ಪಡೆದುಕೊಂಡಿತು. ಅದು ಇಂದಿಗೂ ಕಡಲಲ್ಲಿ ಪ್ರಯಾಣಿಕರನ್ನು ಒಯ್ಯುತ್ತದೆ. ಆದರೆ ಬಾಯ್ಲರುಗಳು ಒಂದಕ್ಕಿಂತ ಹೆಚ್ಚು ಸಲ ಬದಲಾಗಿವೆ, 2020ರಲ್ಲಿ ಹಾಕಿದವು ತೀರ ಈಚಿನವು. 2000ದ ನಂತರದ ಪುನರುದ್ಧಾರದಲ್ಲಿ ಹಡಗಿನ ಹಲವು ಭಾಗಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಪ್ರಯಾಣಿಕರ ಸುರಕ್ಷತೆಯ ಕಾನೂನಿಗೆ ತುಕ್ಕಿನ ಮೇಲೆ ಗೌರವವಿಲ್ಲ. ಅದರ ಹೆಸರು ಸಹ ಇನ್ನೊಂದು ಸ್ಟೀಮರಿನಿಂದ ಬಂದದ್ದು. 1899ರ ಆ ಹಳೆಯ ವೇವರ್ಲಿ 1940ರಲ್ಲಿ ಡನ್‌ಕರ್ಕ್‌ನಲ್ಲಿ ಮುಳುಗಿತು. ಗ್ರೇಟ್ ಬ್ರಿಟನ್ ದ್ರವ್ಯ ಉಳಿಸಿಕೊಂಡು ಕ್ರಿಯೆ ಬಿಟ್ಟಿತು, ವೇವರ್ಲಿ ಕ್ರಿಯೆ ಉಳಿಸಿಕೊಂಡು ದ್ರವ್ಯ ಬಿಟ್ಟುಕೊಡುತ್ತಿದೆ. ಹಳೆಯ ಉಗಿಹಡಗಿಗೆ ಎರಡೂ ದಕ್ಕುವುದು ಬಲು ಕಷ್ಟ. ಪಾರಂಪರಿಕ ವಸ್ತುಗಳ ನಿಜತನ ಕುರಿತ 1994ರ ನಾರಾ ದಸ್ತಾವೇಜು ಒಂದು ವಸ್ತುವಿನ ನಿಜತನವನ್ನು ದ್ರವ್ಯದಲ್ಲಷ್ಟೇ ಅಲ್ಲದೆ ಬಳಕೆಯಲ್ಲಿ, ಪರಂಪರೆಯಲ್ಲಿ, ಕೌಶಲದಲ್ಲಿ ಸಹ ಹುಡುಕಬಹುದು ಎಂದು ಒಪ್ಪಿದ್ದರಿಂದ ವೇವರ್ಲಿಯ ಪಕ್ಷಕ್ಕೆ ಬಲ ಬಂದಿದೆ. ಹಾಗೆಂದು ಬ್ರಿಸ್ಟಲಿನ ಪಕ್ಷ ಸೋತಿಲ್ಲ. ಸಾಕ್ಷಿ ನುಡಿಯುವುದೂ ಒಂದು ಕ್ರಿಯೆ. 1843ರ ರಿವೆಟ್ಟಿನ ಬಗ್ಗೆ ಸಾಕ್ಷಿ ಹೇಳಲು ಆ ರಿವೆಟ್ಟೇ ಬೇಕು.

ರೂಪವನ್ನು ಮತ್ತೆ ಕಟ್ಟುವಾಗ ಇನ್ನೊಂದು ತೊಡಕಿದೆ. ಹಡಗಿಗೆ ಹಲವು ಪರ್ಯಾಯಗಳಿದ್ದವು, ಕಣ್ಣಿಗೆ ಕಾಣುವಂತೆ ನಿಲ್ಲಿಸಬಹುದಾದದ್ದು ಒಂದನ್ನೇ. ಬ್ರಿಸ್ಟಲ್ ಆರಿಸಿದ್ದು ಬ್ರುನೆಲ್‌ನ ಆರು ಕೂವೆಯ ರೂಪ. ಆಸ್ಟ್ರೇಲಿಯಾಕ್ಕೆ ಹೊರಟ ಬಡ ವಲಸಿಗರ ಇಕ್ಕಟ್ಟಿನ ಮಲಗುವ ಗೂಡುಗಳನ್ನು ಒಳಗೆ, ವಾಸನೆಯ ಸಮೇತ, ಮತ್ತೆ ಕಟ್ಟಿದ್ದಾರೆ. ಹಾಗಾಗಿ ಹೊರಗಿನ ವರ್ಷಕ್ಕೂ ಒಳಗಿನ ವರ್ಷಕ್ಕೂ ತಾಳೆಯಿಲ್ಲ. ಈ ಎರಡು ರೂಪ ಒಂದೇ ಹಡಗಿನಲ್ಲಿ ಒಂದೇ ಕಾಲಕ್ಕೆ ಎಂದೂ ಇದ್ದಿಲ್ಲ. ಅಶ್ವದಳ ಹೊತ್ತು ಮುಂಬಯಿಗೆ ಬಂದ ಹಡಗಿನ ಹೊರರೂಪ ಮಾತ್ರ ಮರಳಿಲ್ಲ. ಆರು ಕೂವೆಯ ಹಡಗು ಎಂಜಿನಿಯರನ ಪ್ರತಿಭೆಯ ಕತೆ ಹೇಳುತ್ತದೆ, ಮುಂಬಯಿಗೆ ಬಂದ ಮೂರು ಕೂವೆಯದು ಸಾಮ್ರಾಜ್ಯದ ಕತೆ ಹೇಳುತ್ತಿತ್ತು. ಮೊದಲನೆಯದನ್ನು ಆರಿಸಿದ್ದು ದುರುದ್ದೇಶದಿಂದಲ್ಲ. ಪ್ರಪಂಚದ ನೌಕಾ ಇತಿಹಾಸದಲ್ಲಿ ಈ ಹಡಗಿನ ಸ್ಥಾನ ಅದರ ವಿನ್ಯಾಸದಿಂದ ಬಂದದ್ದು. ಆದರೂ ರೂಪದ ಆಯ್ಕೆ ನೆನಪಿನ ಆಯ್ಕೆಯೇ ಆಗುತ್ತದೆ. ಭಾರತದಿಂದ ಹೋಗಿ ನೋಡುವವರು ಕಾಣದ ಆ ಮೂರು ಕೂವೆಗಳನ್ನು ತಾವೇ ಊಹಿಸಿಕೊಳ್ಳಬೇಕು.

ಉಳಿಸಲೇಬೇಕೇ ಎಂಬ ಪ್ರಶ್ನೆಯೂ ಇದೆ. ಪ್ರಯಾಣಿಕರ ಹಡಗುಗಳಲ್ಲಿ ಬಹುಪಾಲು ಗುಜರಿಗೆ ಹೋಗಿವೆ. ಫ್ರಾನ್ಸಿನ ಹೆಮ್ಮೆಯಾಗಿದ್ದ, 1962ರಲ್ಲಿ ಸೇವೆಗಿಳಿದ ಎಸ್.ಎಸ್. ಫ್ರಾನ್ಸ್ ಮುಂದೆ ನಾರ್ವೆ ಎಂದೂ ಕೊನೆಗೆ ಬ್ಲೂ ಲೇಡಿ ಎಂದೂ ಹೆಸರು ಬದಲಿಸಿಕೊಂಡು 2006ರಲ್ಲಿ ಗುಜರಾತಿನ ಅಲಂಗ್ ಕರಾವಳಿಯ ಕೆಸರಿಗೆ ಬಂದು ಕೂತಿತು. ಅದರಲ್ಲಿದ್ದ ಕಲ್ನಾರಿನ ಕುರಿತು ಸುಪ್ರೀಂ ಕೋರ್ಟಿನ ತನಕ ವ್ಯಾಜ್ಯ ನಡೆದು, ಮರುವರ್ಷ ಒಡೆಯಲು ಅನುಮತಿ ಸಿಕ್ಕಿತು. ಅಲಂಗಿನಲ್ಲಿ ನಡೆಯುವುದು ಥೀಸಿಯಸ್ ಒಗಟಿನ ತಿರುಗುಮುರುಗು. ಅಲ್ಲಿ ದ್ರವ್ಯವೆಲ್ಲ ಉಳಿಯುತ್ತದೆ, ಹಡಗು ಉಳಿಯುವುದಿಲ್ಲ. ಉಕ್ಕು ರೋಲಿಂಗ್ ಮಿಲ್ಲಿಗೆ ಹೋಗಿ ಕಟ್ಟಡದ ಕಂಬಿಯಾಗುತ್ತದೆ. ಬಾಗಿಲು, ಮಂಚ, ಸೋಫಾಗಳು ರಸ್ತೆಬದಿಯ ಅಂಗಡಿಗಳಲ್ಲಿ ಬಿಕರಿಯಾಗುತ್ತವೆ. ಸಮಂತಭದ್ರನ ‘ಆಪ್ತಮೀಮಾಂಸೆ’ಯಲ್ಲಿ ಚಿನ್ನದ ಕಲಶವನ್ನು ಕರಗಿಸಿ ಕಿರೀಟ ಮಾಡುವ ನಿದರ್ಶನವಿದೆ. ಕಲಶ ಬೇಕಾದವನಿಗೆ ದುಃಖ, ಕಿರೀಟ ಬೇಕಾದವನಿಗೆ ಸಂತೋಷ, ಚಿನ್ನ ಬೇಕಾದವನಿಗೆ ಎರಡೂ ಇಲ್ಲ. ಹಡಗು ಒಡೆದು ಹೊಟ್ಟೆ ಹೊರೆಯುವ ಕಾರ್ಮಿಕನ ಮುಂದೆ ಸಂರಕ್ಷಕನ ಶೋಕ ತಾನೇ ಹೆಚ್ಚು ಎಂದು ಹೇಳಿಕೊಳ್ಳಲಾರದು. ಎಲ್ಲವೂ ಅನಿತ್ಯ ಎಂದು ಬಲ್ಲವನಿಗೆ ಕಬ್ಬಿಣದ ಚಿಪ್ಪಿಗೆ ಹಗಲಿರುಳು ಒಣಗಾಳಿ ಊದುವುದು ಬರೀ ಮೋಹವಾಗಿ ಕಾಣಬಹುದು. ಆದರೆ ಬೌದ್ಧರೇ ಬುದ್ಧನ ಅಸ್ಥಿಗಳ ಮೇಲೆ ಸ್ತೂಪ ಕಟ್ಟಿದರು. ಅನಿತ್ಯತೆಯನ್ನು ಒಪ್ಪುವುದಕ್ಕೂ ನೆನಪಿಗೆ ನೆಲೆ ಮಾಡಿಕೊಡುವುದಕ್ಕೂ ಅವರಿಗೆ ವಿರೋಧ ಕಾಣಲಿಲ್ಲ.

ಧಾರ್ಮಿಕ ಸಂಪ್ರದಾಯಗಳು ಬದಲಾವಣೆಯನ್ನು ವಿಧಿಯ ಮೂಲಕ ನಿಭಾಯಿಸುತ್ತವೆ. ಪುರಿಯ ಜಗನ್ನಾಥನ ಮರದ ಮೂರ್ತಿಗಳನ್ನು ಅಧಿಕ ಆಷಾಢ ಬಂದ ವರ್ಷ ನವಕಳೇವರ ಎಂಬ ವಿಧಿಯಲ್ಲಿ ಬದಲಿಸುತ್ತಾರೆ. ಈಚಿನದು 2015ರಲ್ಲಿ ನಡೆಯಿತು. ಹಳೆಯ ಮೂರ್ತಿಯೊಳಗಿನ ಬ್ರಹ್ಮಪದಾರ್ಥವನ್ನು ದೈತಾಪತಿ ಎಂಬ ಸೇವಕರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೊಸದಕ್ಕೆ ಇಡುತ್ತಾರೆ, ಹಳೆಯದನ್ನು ಹೂಳುತ್ತಾರೆ. ಆಗಮಗಳ ಜೀರ್ಣೋದ್ಧಾರದಲ್ಲಿ ಬಿಂಬದ ಸಾನ್ನಿಧ್ಯವನ್ನು ಕುಂಭಕ್ಕೆ ಆವಾಹಿಸಿ, ಮರುಪ್ರತಿಷ್ಠೆಯಲ್ಲಿ ಮರಳಿಸುತ್ತಾರೆ. ಎರಡು ಕಡೆಯೂ ಯಾವುದು ಸಾಗಬೇಕು, ಯಾವುದನ್ನು ಬಿಡಬಹುದು ಎಂಬುದು ಮೊದಲೇ ಗೊತ್ತು. ಹಾಬ್ಸ್‌ನ ಪ್ರಶ್ನೆಗೆ ಅಲ್ಲಿ ಎಡೆಯೇ ಇಲ್ಲ, ಹಳೆಯ ಮರವನ್ನು ಕೂಡಿಟ್ಟುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. ಹಡಗಿಗೆ ಇಂಥ ಒಪ್ಪಿತ ಸಾರ ಇಲ್ಲ. ಒಡಲೋ, ವಿನ್ಯಾಸವೋ, ಯಾನವೋ ಎಂದು ಪ್ರತಿ ಪೀಳಿಗೆ ಹೊಸದಾಗಿ ವಾದಿಸಬೇಕು. ವಿಧಿ ಮಾಡುವ ಕೆಲಸವನ್ನು ಇಲ್ಲಿ ದಾಖಲೆ ಮಾಡಬೇಕಾಗುತ್ತದೆ. ಯಾವ ಭಾಗ ಎಂದಿನದು, ಯಾವುದನ್ನು ಏಕೆ ತೆಗೆದರು, ತೆಗೆದದ್ದು ಎಲ್ಲಿದೆ ಎಂಬ ಬರಹವೇ ಹಳೆಯ ಹಡಗಿಗೂ ಈಗಿನದಕ್ಕೂ ನಡುವಿನ ಸೇತುವೆ. ಬ್ರಿಟನ್ನಿನ ಐತಿಹಾಸಿಕ ಹಡಗುಗಳ ಸಂಸ್ಥೆ ಈ ಸಂಬಂಧ ಮೂರು ಕೈಪಿಡಿಗಳನ್ನು ಹೊರತಂದಿದೆ. ಒಂದು ಹಡಗುಗಳನ್ನು ಸಂರಕ್ಷಿಸುವ ಕ್ರಮದ್ದು, ಒಂದು ದಾಖಲಿಸುವ ಕ್ರಮದ್ದು. ಇನ್ನೊಂದು, ಉಳಿಸಲಾಗದ ಹಡಗನ್ನು ಅಳತೆ, ಚಿತ್ರ, ಟಿಪ್ಪಣಿ ಇಟ್ಟುಕೊಳ್ಳುತ್ತ ಕ್ರಮವಾಗಿ ಬಿಚ್ಚುವುದು ಹೇಗೆ ಎಂಬುದರ ಕುರಿತದ್ದು.